ಸಿಂಪರಣಾ ಯಂತ್ರದ ಟು-ಸ್ಟ್ರೋಕ್ ಎಂಜಿನ್ನಿಗೆ ಇಂಧನ ಸರಿಯಾಗಿ ತಲುಪದಿದ್ದಾಗ: ದೋಷ ಪತ್ತೆ ಮತ್ತು ಪರಿಹಾರ

ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಗೋವಿನಜೋಳ ಮತ್ತು ಹತ್ತಿ, ನೆರೆಯ ಬ್ಯಾಡಗಿ ಭಾಗದಲ್ಲಿ ಮೆಣಸಿನಕಾಯಿ ಪ್ರಮುಖ ಬೆಳೆಗಳಾಗಿವೆ. ಈ ಬೆಳೆಗಳಲ್ಲಿ ಕೀಟ ನಿರ್ವಹಣೆಗೆ ಸಿಗುವ ಸಕಾಲ ಬಹಳ ಕಡಿಮೆ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವನ್ನು ಮರಿಹುಳು ಚಿಕ್ಕದಿರುವಾಗಲೇ ಹತೋಟಿ ಮಾಡಬೇಕು. ಅದು ಬೆಳೆದು ಸುಳಿಯೊಳಗೆ ಸೇರಿದ ಮೇಲೆ ಔಷಧಿ ತಲುಪುವುದು ಕಷ್ಟ. ಇಂತಹ ಸಮಯದಲ್ಲಿ ಬೆನ್ನಿಗೆ ಹೊರುವ ಪೆಟ್ರೋಲ್ ಪವರ್ ಸ್ಪ್ರೇಯರ್ ಹೊಲದ ನಡುವೆ ಕೈಕೊಟ್ಟರೆ ಬೆಳೆಗೂ ನಷ್ಟ, ಹಣಕ್ಕೂ ನಷ್ಟ.

ಎಂಜಿನ್ ಪೂರ್ತಿ ನಿಂತುಹೋದರೆ ದೋಷ ಎದ್ದು ಕಾಣುತ್ತದೆ. ಅದು ತಡವರಿಸುತ್ತಾ ನಡೆಯುತ್ತಿದ್ದರೆ ಅಪಾಯ ಹೆಚ್ಚು.

ತಡವರಿಸುವ ಎಂಜಿನ್ ಏಕೆ ಅಪಾಯಕಾರಿ?

ಹಿಂದೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನಂತೆ ಈ ಯಂತ್ರಗಳಿಗೂ ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಿ ಹಾಕಬೇಕು. ಪಿಸ್ಟನ್ ಮತ್ತು ಬೇರಿಂಗುಗಳಿಗೆ ಜಿಡ್ಡು ದೊರೆಯುವುದು ಈ ಮಿಶ್ರಣದಿಂದ ಮಾತ್ರ. ಆದ್ದರಿಂದ ಇಂಧನದ ಹರಿವು ಕುಗ್ಗಿದರೆ ಆಯಿಲ್ ಕೂಡ ಕುಗ್ಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಲ್ಲದೆ ಎಂಜಿನ್ನಿನ ವೇಗ ತಗ್ಗಿದಾಗ ಗಾಳಿಯ ರಭಸ ಇಳಿದು, ಹನಿಗಳು ದಪ್ಪವಾಗಿ, ಸಿಂಪರಣೆಯ ಅಗಲ ಕಿರಿದಾಗುತ್ತದೆ. ಕೆಲವು ಸಾಲುಗಳಿಗೆ ಔಷಧಿ ಸಾಲದೆ ಕೀಟ ಉಳಿದುಕೊಳ್ಳುತ್ತದೆ. ಆಗ ಔಷಧಿಯೇ ಸರಿಯಿಲ್ಲವೆಂದು ಭಾವಿಸಿ ಪ್ರಮಾಣ ಹೆಚ್ಚಿಸುವುದು ತಪ್ಪು.

ದೋಷ ಇಂಧನದ್ದೇ ಎಂದು ಖಚಿತಪಡಿಸಿಕೊಳ್ಳುವುದು

ಹಲವು ಬಾರಿ ಹಗ್ಗ ಎಳೆದರೂ ಎಂಜಿನ್ ಆರಂಭವಾಗದಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಒಣಗಿದ್ದರೆ ಇಂಧನ ಬರುತ್ತಿಲ್ಲ. ತೊಯ್ದಿದ್ದರೆ ಇಂಧನ ಬಂದಿದೆ, ಪ್ಲಗ್ಗಿನ ಕಿಡಿಯನ್ನು ಪರೀಕ್ಷಿಸಬೇಕು. ಚೋಕ್ ಹಾಕಿದಾಗ ಮಾತ್ರ ಎಂಜಿನ್ ನಡೆದು, ತೆಗೆದೊಡನೆ ನಿಂತರೆ ಇಂಧನದ ಕೊರತೆ ಅಥವಾ ಎಲ್ಲೋ ಗಾಳಿ ಸೋರಿಕೆ ಇದೆ ಎಂದರ್ಥ. ಪ್ಲಗ್ಗಿನ ತುದಿ ಬಿಳಿಚಿಕೊಂಡಿದ್ದರೂ ಇದೇ ಸೂಚನೆ.

ಟ್ಯಾಂಕಿಯಿಂದ ಕಾರ್ಬ್ಯುರೇಟರಿನವರೆಗೆ ಕ್ರಮವಾಗಿ ಪರೀಕ್ಷೆ

ಅನೇಕರು ಮೊದಲಿಗೇ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತಾರೆ. ಇದರಿಂದ ಮೂಲ ದೋಷ ಉಳಿದು ಮತ್ತೊಂದು ದೋಷ ಸೇರಿಕೊಳ್ಳುತ್ತದೆ. ಕೆಳಗಿನ ಕ್ರಮವನ್ನು ಅನುಸರಿಸಬೇಕು.

1. ಇಂಧನ: ಟ್ಯಾಂಕಿಯ ತಳದ ಸ್ವಲ್ಪ ಇಂಧನವನ್ನು ಗಾಜಿನ ಸೀಸೆಯಲ್ಲಿ ಹಿಡಿದು ನೋಡಬೇಕು. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ನೀರಿನಂಶವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳ ಸೇರುತ್ತವೆ, ಆಯಿಲ್ ಮೇಲಿನ ಪದರದಲ್ಲಿ ಉಳಿಯುತ್ತದೆ. ಸೀಸೆಯಲ್ಲಿ ಎರಡು ಪದರ ಕಂಡರೆ ಆ ಇಂಧನವನ್ನು ಬಳಸಲೇಬಾರದು.

2. ಮುಚ್ಚಳದ ಗಾಳಿರಂಧ್ರ: ಎಂಜಿನ್ ಕೆಲವು ನಿಮಿಷ ಚೆನ್ನಾಗಿ ನಡೆದು ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆರಂಭವಾದರೆ ಈ ರಂಧ್ರ ಧೂಳಿನಿಂದ ಮುಚ್ಚಿರಬಹುದು. ಎಂಜಿನ್ ಆರಿದ ನಂತರ ಮುಚ್ಚಳ ಸಡಿಲಿಸಿದಾಗ ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಕೇಳಿದರೆ ದೋಷ ಇದೇ. ರಂಧ್ರವನ್ನು ಸ್ವಚ್ಛಗೊಳಿಸಬೇಕು, ಮುಚ್ಚಳ ಸಡಿಲ ಬಿಟ್ಟು ಕೆಲಸ ಮಾಡಬಾರದು, ಪೆಟ್ರೋಲ್ ಬೆನ್ನಿನ ಮೇಲೆ ಚೆಲ್ಲುತ್ತದೆ.

3. ಫಿಲ್ಟರ್ ಮತ್ತು ಕೊಳವೆ: ಕಾರ್ಬ್ಯುರೇಟರ್ ಬಳಿ ಕೊಳವೆ ಬಿಚ್ಚಿ ಹರಿವು ನೋಡಬೇಕು. ಟ್ಯಾಂಕಿ ಮೇಲಿರುವ ಯಂತ್ರಗಳಲ್ಲಿ ಕಾಕ್ ತೆರೆದೊಡನೆ ಧಾರೆ ಸರಾಗವಾಗಿ ಬರಬೇಕು. ಬರದಿದ್ದರೆ ಫಿಲ್ಟರ್ ತೊಳೆಯಬೇಕು ಅಥವಾ ಬದಲಿಸಬೇಕು. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಸತತವಾಗಿ ಕಂಡರೆ ಕೊಳವೆ ಸೀಳಿದೆ.

4. ಪ್ರೈಮರ್ ಬಲ್ಬ್: ಇದಿರುವ ಯಂತ್ರಗಳಲ್ಲಿ ಒತ್ತಿದಾಗ ಬಲ್ಬ್ ಇಂಧನದಿಂದ ತುಂಬಬೇಕು. ತುಂಬದಿದ್ದರೆ ಬಲ್ಬ್ ಬಿರುಕು ಬಿಟ್ಟಿದೆ ಅಥವಾ ಕೊಳವೆ ಕಟ್ಟಿದೆ.

5. ಕಾರ್ಬ್ಯುರೇಟರ್: ಮೇಲಿನವೆಲ್ಲ ಸರಿಯಿದ್ದರೆ ಮಾತ್ರ ಇದನ್ನು ಬಿಚ್ಚಬೇಕು. ಹಳೆಯ ಪೆಟ್ರೋಲ್ ಆರಿ ಉಳಿದ ಅಂಟು ಜೆಟ್ಟಿನ ಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಗಾಳಿಯ ಒತ್ತಡದಿಂದ ತೆಗೆಯಬೇಕು. ತಂತಿ ಚುಚ್ಚಿದರೆ ರಂಧ್ರ ಹಿಗ್ಗುತ್ತದೆ. ಡಯಾಫ್ರಮ್ ಗಟ್ಟಿಯಾಗಿದ್ದರೆ ಅಥವಾ ಸುಕ್ಕುಗಟ್ಟಿದ್ದರೆ ಬದಲಿಸಬೇಕು.

ಎಚ್ಚರಿಕೆಗಳು

* ಕೊಳವೆಯನ್ನು ಬಾಯಿಂದ ಊದಬಾರದು, ಹೀರಬಾರದು. ಅದರ ಮೇಲೆ ಪೆಟ್ರೋಲಿನೊಂದಿಗೆ ಕೀಟನಾಶಕವೂ ಅಂಟಿರುತ್ತದೆ.
* ಎಂಜಿನ್ ಸಂಪೂರ್ಣ ಆರಿದ ನಂತರ, ಬೀಡಿ, ಬೆಂಕಿಯಿಂದ ದೂರವಿದ್ದು, ಕೈಗವಸು ಧರಿಸಿ ಬಿಚ್ಚಬೇಕು.
* ಕೆಟ್ಟ ಇಂಧನವನ್ನು ಬಾವಿ, ಹಳ್ಳ ಅಥವಾ ಹೊಲದಲ್ಲಿ ಚೆಲ್ಲಬಾರದು.

ದುರಸ್ತಿಯ ನಂತರ

ಯಂತ್ರ ನಿಂತ ಸಾಲಿಗೆ ಕೋಲು ನೆಟ್ಟು ಗುರುತಿಡಬೇಕು; ಮುಗಿದ ಸಾಲಿಗೆ ಮತ್ತೆ ಸಿಂಪಡಿಸಬಾರದು. ದುರಸ್ತಿಯಾದ ಮೇಲೆ ಬರೀ ನೀರು ತುಂಬಿ, ಒಂದು ಲೀಟರ್ ಖಾಲಿಯಾಗಲು ಹಿಡಿಯುವ ಸಮಯವನ್ನು ಅಳೆದು, ಹಿಂದಿನ ಲೆಕ್ಕದೊಂದಿಗೆ ಹೋಲಿಸಿ, ನಂತರವೇ ಔಷಧಿ ಬೆರೆಸಬೇಕು.

ಆಯಿಲ್ ಪ್ರಮಾಣಕ್ಕೆ ಯಂತ್ರದ ಕೈಪಿಡಿಯೇ ಆಧಾರ. 25:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಟು-ಸ್ಟ್ರೋಕ್ ಆಯಿಲನ್ನು ಪ್ರತ್ಯೇಕ ಡಬ್ಬಿಯಲ್ಲಿ ಕಲಸಿ, ಸೋಸಿ ಹಾಕಬೇಕು.

ದೇವರಗುಡ್ಡದಲ್ಲಿ ಮಾಲತೇಶ ಸ್ವಾಮಿಯ ಕಾರ್ಣಿಕ ನಡೆಯುವ ದಸರಾ ಹೊತ್ತಿಗೆ ಮುಂಗಾರು ಗೋವಿನಜೋಳದ ಸಿಂಪರಣೆ ಮುಗಿದಿರುತ್ತದೆ. ಆಯುಧಪೂಜೆಗೆ ಯಂತ್ರ ತೊಳೆಯುವ ದಿನವೇ, ಮುಂದೆ ತಿಂಗಳುಗಟ್ಟಲೆ ಬಳಕೆ ಇಲ್ಲವೆಂದಾದರೆ, ಟ್ಯಾಂಕಿಯನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದ ಇಂಧನ ತೀರುವವರೆಗೆ ಎಂಜಿನ್ನನ್ನು ನಿಧಾನಗತಿಯಲ್ಲಿ ನಡೆಸಿ ಇಡುವುದು ಸೂಕ್ತ. ಮುಂದಿನ ಮುಂಗಾರಿನ ಅರ್ಧದಷ್ಟು ತೊಂದರೆ ಅಂದೇ ತಪ್ಪುತ್ತದೆ.

ಬೆಳೆವಾರು ಔಷಧಿ ಮತ್ತು ಸಿಂಪರಣೆಯ ಪ್ರಮಾಣದ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.