ದಣಿದ ಹೃದಯದ ಹಿನ್ನೀರು

ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಸೇರುವುದನ್ನು ನಾವು ಬಲ್ಲೆವು. 1982ರಲ್ಲಿ ಕೆಳಗಡೆ ನಾರಾಯಣಪುರದ ಅಣೆಕಟ್ಟು ಮುಗಿಯಲು, ಹಿನ್ನೀರು ಸಂಗಮದವರೆಗೂ ಬಂದಿತು. ಐಕ್ಯಮಂಟಪವನ್ನು ಸುತ್ತುಗೋಡೆಯಿಂದ ಕಾಪಾಡಬೇಕಾಯಿತು. ನಮ್ಮ ಎದೆಯೊಳಗೂ ಇಂತಹ ಹಿನ್ನೀರುಂಟು.

ಆರೋಗ್ಯವಂತನ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ನೂಕುವುದು. ನಾವು ಮಂಟಪದ ಮೆಟ್ಟಿಲುಗಳನ್ನು ಹತ್ತಿದೆವೆನ್ನಿ. ಹೆಚ್ಚು ರಕ್ತವು ಹೃದಯಕ್ಕೆ ಮರಳುವುದು, ಅದರ ಗೋಡೆಯು ಹಿಗ್ಗುವುದು, ಹಿಗ್ಗಿದ ತಂತುಗಳು ಹೆಚ್ಚು ಬಲದಿಂದ ಕುಗ್ಗುವುವು. ಇದನ್ನು 1895ರಲ್ಲಿ ಜರ್ಮನಿಯ ಫ್ರಾಂಕನು ಕಪ್ಪೆಯ ಹೃದಯದಲ್ಲಿಯೂ, 1914ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗನೂ ಅವನ ಸಂಗಡಿಗರೂ ನಾಯಿಯ ಹೃದಯದಲ್ಲಿಯೂ ತೋರಿಸಿದರು.

ದಣಿದ ಹೃದಯದಲ್ಲಿ ಈ ಗುಣವು ಅಳಿಯುವುದೇ? ಜರ್ಮನಿಯ ವಿದ್ವಾಂಸರಲ್ಲಿ ಕೆಲವರು 1994ರಲ್ಲಿ ಅಹುದೆಂದರು. ಬೇರೆ ಕೆಲವರು 1996ರಲ್ಲಿ ಅಲ್ಲವೆಂದರು. ರೋಗಿಗೆ ಮುಖ್ಯವಾದುದು ಇಷ್ಟು: ಆಗಲೇ ಹಿಗ್ಗಿ ನಿಂತ ಹೃದಯವನ್ನು ಇನ್ನಷ್ಟು ತುಂಬಿದರೆ ಒಳಗಿನ ಒತ್ತಡವು ಬಹಳ ಏರುವುದು, ಹೊರಡುವ ರಕ್ತವಾದರೋ ಅಲ್ಪವೇ ಹೆಚ್ಚುವುದು. ಉಳಿದುದು ಹಿಂದೆ ನಿಲ್ಲುವುದು. ಶ್ವಾಸಕೋಶದಲ್ಲಿ ನೀರೂರಿ ಉಸಿರು ಕಟ್ಟುವುದು; ಕಾಲುಗಳು ಬಾತುಕೊಳ್ಳುವುವು. ಮೂತ್ರಪಿಂಡಗಳೋ, ತಮಗೆ ಬರುವ ರಕ್ತವು ಕಡಮೆಯಾಯಿತೆಂದು ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಹಿನ್ನೀರನ್ನು ಬೆಳೆಸುವುವು. ಆದುದರಿಂದಲೇ ವೈದ್ಯರು ಉಪ್ಪನ್ನು ಮಿತಗೊಳಿಸಿ, ಮೂತ್ರವನ್ನು ಹೆಚ್ಚಿಸುವ ಔಷಧವನ್ನು ಕೊಡುವರು. ಇಂದು ಹೃದಯದ ಭಾರವನ್ನಿಳಿಸುವ ಬೇರೆ ಔಷಧಗಳೂ ಉಂಟು.

ಮನೆಯ ಹಿರಿಯರು “ದಿಂಬನ್ನೇರಿಸದೆ ಮಲಗಲಾರೆ” ಎಂದರೆ, ಮುಪ್ಪೆಂದು ನಾವು ಸುಮ್ಮನಿರಲಾಗದು. ಅದು ಹಿನ್ನೀರು ಏರುತ್ತಿರುವ ಸೂಚನೆಯಾಗಿರಬಹುದು. ಅಂದೇ ವೈದ್ಯರನ್ನು ಕಾಣುವುದು ಲೇಸು.