ಬೆಂಚಿನ ಕೆಳಗೆ ಮೀನು!

ಉದ್ಯಾನದ ಕಾಲುದಾರಿ. ದಣಿವಾರಿಸಿಕೊಳ್ಳಲು ದಾರಿಯ ಪಕ್ಕದಲ್ಲೊಂದು ಬೆಂಚು. ತುಸು ಮುಂದೆ ಪುಟ್ಟ ಮರದ ಸೇತುವೆ, ಅದರ ಆಚೀಚೆ ಎಳೆ ಹುಲ್ಲು, ಹುಲ್ಲಿನ ನಡುವೆ ಆಗಷ್ಟೇ ಅರಳಿದ ಹೂಗಳು. ಅಷ್ಟರಲ್ಲಿ ಬೆಂಚಿನ ಕೆಳಗಿನಿಂದ ಟ್ರೌಟ್ ಮೀನೊಂದು ಹೊರಬರುತ್ತದೆ! ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡ ಮನುಷ್ಯನೊಬ್ಬ ಗುಳ್ಳೆ ಬಿಡುತ್ತಾ ಸೇತುವೆಯ ಮೇಲಿಂದ ತೇಲಿಹೋಗುತ್ತಾನೆ.

ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದ ಟ್ರಾಗೋಸ್ ಎಂಬ ಹಳ್ಳಿಯ ಬಳಿ, 2015ರವರೆಗೆ ಬೇಸಿಗೆಯ ಹೊಸ್ತಿಲಲ್ಲಿ ಕಾಣಸಿಗುತ್ತಿದ್ದ ದೃಶ್ಯವಿದು. ಜಾಗದ ಹೆಸರು ಗ್ರ್ಯೂನರ್ ಜೇ, ಅಂದರೆ ಹಸಿರು ಸರೋವರ.

ಚಳಿಗಾಲದಲ್ಲಿ ಇದು ಒಂದೆರಡು ಮೀಟರ್ ಆಳದ ಕೊಳವಷ್ಟೇ. ಸುತ್ತಲಿನದು ಚಾರಣಿಗರು ಅಡ್ಡಾಡುವ ಉದ್ಯಾನ. ಬೆನ್ನಿಗೇ ನಿಂತಿದೆ ಹೋಕ್‌ಶ್ವಾಬ್ ಪರ್ವತಸಾಲು. ವಸಂತದಲ್ಲಿ ಅಲ್ಲಿನ ಹಿಮ ಕರಗಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ತಪ್ಪಲಿಗೆ ಬರುತ್ತದೆ. ಕೊಳ ಉಬ್ಬುತ್ತದೆ, ಬೆಂಚು, ದಾರಿ, ಸೇತುವೆ ಒಂದೊಂದಾಗಿ ಮುಳುಗುತ್ತವೆ. ಮೇ ನಡುವಿನಿಂದ ಜೂನ್ ಹೊತ್ತಿಗೆ ಆಳ ಹತ್ತು ಹನ್ನೆರಡು ಮೀಟರ್! ನೀರು ಎಷ್ಟು ತಿಳಿಯೆಂದರೆ, ತಳದ ಹುಲ್ಲಿನ ಬಣ್ಣವೇ ಸರೋವರದ ಬಣ್ಣ. ಅಂದಹಾಗೆ, ವಿಯೆನ್ನಾ ನಗರ 1910ರಿಂದ ಕುಡಿಯುತ್ತಿರುವುದೂ ಇದೇ ಪರ್ವತಸಾಲಿನ ಬುಗ್ಗೆಗಳ ನೀರನ್ನು.

ಕಡಲೇ ಇಲ್ಲದ ನಾಡಿಗೆ ಮುಳುಗುವ ಹುಚ್ಚು ಹೇಗೆ ಹತ್ತಿತು? 1918ರಲ್ಲಿ ಸಾಮ್ರಾಜ್ಯ ಒಡೆದಾಗ ಏಡ್ರಿಯಾಟಿಕ್ ತೀರ ಆಸ್ಟ್ರಿಯಾದ ಕೈತಪ್ಪಿತು. ಮರುವರ್ಷವೇ ವಿಯೆನ್ನಾದಲ್ಲಿ ಹುಟ್ಟಿದವರು ಹಾನ್ಸ್ ಹಾಸ್. ಕೆಂಪು ಸಮುದ್ರದ ಒಡಲನ್ನು ಚಿತ್ರೀಕರಿಸಿ 1951ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರಶಸ್ತಿ ಪಡೆದು, ನೀರಿನೊಳಗಿನ ಲೋಕವನ್ನು ಮನೆಮಾತಾಗಿಸಿದ ಸಾಹಸಿ. ಅವರಂತೆ ಕೆಂಪು ಸಮುದ್ರಕ್ಕೆ ಹೋಗಲಾಗದವರಿಗೆ ಊರ ಹತ್ತಿರದ ಸರೋವರಗಳಿದ್ದವು.

ಸಿಹಿನೀರಿನಲ್ಲಿ ಮುಳುಗುವುದು ಸುಲಭ ಎಂದುಕೊಂಡರೆ ತಪ್ಪು. ಉಪ್ಪುನೀರಿನಷ್ಟು ಇದು ದೇಹವನ್ನು ಮೇಲಕ್ಕೆತ್ತುವುದಿಲ್ಲ. ಸಲಕರಣೆ ಸೇರಿ ನೂರು ಕಿಲೋ ತೂಗುವವರು ಸೊಂಟಕ್ಕೆ ಕಟ್ಟುವ ಸೀಸದಲ್ಲಿ ಸುಮಾರು ಎರಡೂವರೆ ಕಿಲೋ ಇಳಿಸಬೇಕು. ಮರೆತರೆ ಕಲ್ಲಿನಂತೆ ತಳ ಸೇರುತ್ತಾರೆ. ಹಸಿರು ಸರೋವರದ ನೀರು ಬೇಸಿಗೆಯಲ್ಲೂ 6ರಿಂದ 8 ಡಿಗ್ರಿ ಸೆಲ್ಸಿಯಸ್. ಸಿಲಿಂಡರಿನ ಒತ್ತಿಟ್ಟ ಗಾಳಿ ಹೊರಬರುವಾಗ ಹಿಗ್ಗಿ ಇನ್ನಷ್ಟು ತಣ್ಣಗಾಗುತ್ತದೆ. ಉಸಿರಿನ ರೆಗ್ಯುಲೇಟರ್ ಒಳಗೇ ಹಿಮಗಟ್ಟಿ, ತೆರೆದ ನಲ್ಲಿಯಂತೆ ಗಾಳಿ ಸುರಿಯತೊಡಗಿದರೆ ನೋಡನೋಡುತ್ತಲೇ ಸಿಲಿಂಡರ್ ಬರಿದು! ಸರೋವರವಿರುವುದು ಸುಮಾರು 775 ಮೀಟರ್ ಎತ್ತರದಲ್ಲಿ. ಅಲ್ಲಿ ವಾಯುಭಾರ ಕಡಿಮೆ. ಎಷ್ಟು ಹೊತ್ತು ಎಷ್ಟು ಆಳದಲ್ಲಿರಬಹುದೆಂದು ಕಡಲಿಗಾಗಿ ಮಾಡಿದ ಕೋಷ್ಟಕವನ್ನು ಅಲ್ಲಿ ಹಾಗೆಯೇ ಬಳಸುವಂತಿಲ್ಲ.

ಇಷ್ಟೆಲ್ಲ ತೊಡಕಿದ್ದರೂ ಜನ ಬಂದರು. ಬೆಂಚಿನ ಮೇಲೆ ‘ಕುಳಿತ’ ಮುಳುಗುಗಾರರ ಚಿತ್ರಗಳು ಲೋಕವೆಲ್ಲ ಸುತ್ತಿದವು. 2014ರಲ್ಲಿ ಆಸ್ಟ್ರಿಯಾದ ಟೆಲಿವಿಷನ್ ಕಾರ್ಯಕ್ರಮವೊಂದು ಇದನ್ನು ದೇಶದ ಅತಿ ಚೆಲುವಾದ ತಾಣವೆಂದು ಆರಿಸಿದ ಮೇಲಂತೂ ಕೇಳುವುದೇ ಬೇಡ. ಸಣ್ಣ ಹಳ್ಳಿ, ಅದಕ್ಕಿಂತ ಸಣ್ಣ ಸರೋವರ.

ಪೆಟ್ಟು ತಿಂದದ್ದು ಹುಲ್ಲುಗಾವಲು. ಕಾಲಿನ ರಬ್ಬರ್ ರೆಕ್ಕೆ ಒಮ್ಮೆ ಬೀಸಿದರೆ ಸಾಕು, ತಳದ ನುಣುಪು ಮಣ್ಣು ಮೋಡದಂತೆ ಏಳುತ್ತದೆ. ಮತ್ತೆ ಹುಲ್ಲಿನ ಮೇಲೇ ಕೂರುತ್ತದೆ. ಆಳದ ಕಡಲು ಇದನ್ನು ನುಂಗಿಕೊಂಡೀತು. ಹತ್ತು ಮೀಟರಿನ ಹಳ್ಳ ನುಂಗಲಾರದು. ನೀರಿಳಿದ ಮೇಲೆ ಬದುಕಬೇಕಾದ ಗಿಡಗಳಿವು ಎಂಬುದು ಮೇಲೆ ತೇಲುವವನಿಗೆ ನೆನಪಿರುವುದು ಕಷ್ಟ. ಪ್ರವಾಸಿಗರಿಂದ ಊರಿಗೆ ನಾಲ್ಕು ಕಾಸು ಬರುತ್ತಿದ್ದುದು ನಿಜ. ಆದರೂ 2016ರ ಜನವರಿ 1ರಿಂದ ಡೈವಿಂಗ್, ಈಜು, ದೋಣಿವಿಹಾರ ಎಲ್ಲವನ್ನೂ ನಿಷೇಧಿಸಲಾಯಿತು. ಹುಲ್ಲೆಸಳು ಮುಟ್ಟದೆ ಈಜಬಲ್ಲ ನುರಿತವರಿಗೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ನುರಿತವರು ಯಾರು, ಅಲ್ಲದವರು ಯಾರು ಎಂದು ದಡದಲ್ಲಿ ನಿಂತು ಆರಿಸುವುದು ಆಗುವ ಮಾತೇ?

ಆಸ್ಟ್ರಿಯಾದ ಮುಳುಗುಗಾರರಿಗೆ ನೀರಿಗೇನೂ ಬರವಿಲ್ಲ. 169 ಮೀಟರ್ ಆಳದ ಆಟರ್‌ಜೇ ಸರೋವರವಿದೆ. ಸಾವಿರಾರು ವರ್ಷ ಹಿಂದೆ ಕಂಬಗಳ ಮೇಲೆ ಮನೆ ಕಟ್ಟಿ ಬಾಳಿದವರ ಊರುಗಳ ಅವಶೇಷ ಅಲ್ಲಿ ನೀರಡಿ ಇದೆ. 2011ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿದೆ. ಆದರೆ ಹೂವಿನ ಮೇಲೆ ಈಜುವ ಸುಖ ಅಲ್ಲಿಲ್ಲ.

ಟ್ರಾಗೋಸ್‌ನಲ್ಲಿ ಈಗ ದಡದ ಮೇಲಿನ ನಡಿಗೆ ಮಾತ್ರ. ಹಿಮ ಕಡಿಮೆ ಬಿದ್ದ ವರ್ಷ ನೀರೂ ಕಡಿಮೆ. ಜುಲೈಯಿಂದ ಸರೋವರ ಇಳಿಯತೊಡಗುತ್ತದೆ. ಮೊದಲು ಬೆಂಚಿನ ಬೆನ್ನು, ಆಮೇಲೆ ಕಾಲುಗಳು. ಅದು ಬಿಸಿಲಿಗೆ ಒಣಗಿದ ಮೇಲೆ ಯಾರಾದರೂ ಚಾರಣಿಗರು ಬಂದು ಕೂತು ಬುತ್ತಿ ಬಿಚ್ಚುತ್ತಾರೆ.