ಬರಿಗೂಡಿನ ಮುಂದೆ ಕೂತು

ದೀಪಾವಳಿ ಕಳೆದು ಚಳಿ ಶುರುವಾಗುವ ಹೊತ್ತಿಗೆ ನಮ್ಮ ತಾರಸಿಯ ಬೂದು ಹೆಣ್ಣು ಪಾರಿವಾಳ ಮೊಟ್ಟೆ ಇಡುವುದನ್ನು ನಿಲ್ಲಿಸಿತು. ಗಂಡು ಕುತ್ತಿಗೆ ಉಬ್ಬಿಸಿ, ಬಾಲ ನೆಲಕ್ಕೆ ಸವರಿಕೊಂಡು, ಗುಟುರು ಹಾಕುತ್ತ ಅದರ ಸುತ್ತ ಸುತ್ತುತ್ತಿತ್ತು. ಇದೋ ಮೂಲೆ ಸೇರಿ ಬೆನ್ನು ತಿರುಗಿಸಿ ಕೂರುತ್ತಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಪಾರಿವಾಳ ಸಾಕುವವರನ್ನು ವಿಚಾರಿಸಿದರೆ ಒಬ್ಬೊಬ್ಬರದೂ ಒಂದೊಂದು ಮದ್ದು. ಬೆಳ್ಳುಳ್ಳಿ ಕೊಡಿ ಎಂದರು, ನೀರಿಗೆ ಟಾನಿಕ್ ಹಾಕಿ ಎಂದರು, ಗಂಡು ಬದಲಾಯಿಸಿ ಎಂದರು. ಕೊಟ್ಟು ಕೈತೊಳೆದುಕೊಳ್ಳಿ ಎಂದವರೂ ಇದ್ದರು. ಯಾವ ಮದ್ದಿಗೂ ಕೈಹಾಕುವ ಮುಂಚೆ ನಾನು ಗೂಡಿನ ಪಕ್ಕ ನೇತುಹಾಕಿದ್ದ ನೋಟುಬುಕ್ಕು ತೆಗೆದು ನೋಡಿದೆ. ಜನವರಿಯಿಂದ ಅಕ್ಟೋಬರ್‌ವರೆಗೆ ಏಳು ಸಲ ಮೊಟ್ಟೆ, ಹನ್ನೊಂದು ಮರಿ. ಹಕ್ಕಿಗೆ ಏನಾಗಿದೆ ಎಂಬ ಪ್ರಶ್ನೆಗಿಂತ ನಾನು ಅದಕ್ಕೆ ಏನು ಮಾಡಿದ್ದೇನೆ ಎಂಬ ಪ್ರಶ್ನೆ ದೊಡ್ಡದಾಗಿ ಕಂಡಿತು.

ಒಂದು ಸರದಿಯ ದುಡಿಮೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಜೋಡಿ ಕೂಡಿದ ಎಂಟು ಹತ್ತು ದಿನಕ್ಕೆ ಸಾಮಾನ್ಯವಾಗಿ ಸಂಜೆ ಹೊತ್ತು ಮೊದಲ ಮೊಟ್ಟೆ, ಸುಮಾರು 44 ಗಂಟೆಯ ನಂತರ ಎರಡನೆಯದು. ಹದಿನೇಳು ಹದಿನೆಂಟು ದಿನ ಕಾವು. ಬೆಳಗಿನ ಹೊತ್ತೇರಿದ ಮೇಲೆ ಗಂಡು ಕೂರುತ್ತದೆ, ಸಂಜೆಯಿಂದ ಮರುದಿನ ಬೆಳಗಿನವರೆಗೆ ಹೆಣ್ಣು. ಮರಿ ಒಡೆದ ಮೇಲೆ ಗಂಟಲ ಕೆಳಗಿನ ಚೀಲದಲ್ಲಿ ಒಸರುವ ‘ಹಾಲ’ನ್ನು ಇಬ್ಬರೂ ಉಣಿಸುತ್ತಾರೆ. ಆ ಮರಿಗಳು ಇನ್ನೂ ಗೂಡಿನಲ್ಲಿ ಚೀಂಗುಡುತ್ತಿರುವಾಗಲೇ, ಮೂರು ವಾರ ತುಂಬುವ ಹೊತ್ತಿಗೆ, ಹೆಣ್ಣು ಮುಂದಿನ ಜೋಡಿ ಮೊಟ್ಟೆಗೆ ಸಿದ್ಧವಾಗಿಬಿಡುತ್ತದೆ. ಬಿಡುವೆಂಬುದೇ ಇಲ್ಲ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದಂಶದಲ್ಲಿ ಒಂದು ಪಾಲನ್ನು ಅದು ತನ್ನ ಮೂಳೆಯಿಂದಲೇ ತೆಗೆದುಕೊಡುತ್ತದೆ. ಮೊಟ್ಟೆ ಇಡುವ ಕಾಲಕ್ಕೆಂದೇ ಹೆಣ್ಣು ಹಕ್ಕಿಯ ಮೂಳೆಯ ಟೊಳ್ಳಿನೊಳಗೆ ಹೊಸ ಮೂಳೆಯ ಪದರ ಕಟ್ಟುತ್ತದೆ. ಇದನ್ನು 1934ರಲ್ಲಿ ವಿಜ್ಞಾನಿಗಳು ವಿವರಿಸಿದ್ದು ಹೆಣ್ಣು ಪಾರಿವಾಳದಲ್ಲೇ. ಆ ಉಗ್ರಾಣ ಬರಿದಾದಾಗ ಚಿಪ್ಪು ತೆಳ್ಳಗಾಗುತ್ತದೆ, ತೊಗಲುಮೊಟ್ಟೆ ಬೀಳುತ್ತದೆ, ಕೊನೆಗೆ ಅದೂ ನಿಲ್ಲಬಹುದು.

ನಮ್ಮ ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ರಾಸುಗಳವು. ಅವುಗಳಿಗೆ ಮೇಯಲು ಕಾವಲುಗಳನ್ನೇ ಮೀಸಲಿಟ್ಟಿದ್ದ ಸೀಮೆಯಿದು. ಹಸು ಬತ್ತಿಸಿ ಬಿಡುವು ಕೊಡದೆ ಮುಂದಿನ ಕರು ಚೆನ್ನಾಗಿ ಬರುವುದಿಲ್ಲ ಎಂದು ಇಲ್ಲಿ ಯಾವ ರೈತರಿಗೂ ಹೇಳಿಕೊಡಬೇಕಿಲ್ಲ. ಅಂಗೈಯಗಲದ ಹಕ್ಕಿಯ ವಿಷಯದಲ್ಲಿ ಮಾತ್ರ ನಮಗೆ ಅದು ಹೊಳೆಯುವುದಿಲ್ಲ. ನಾನು ಗಂಡನ್ನು ಬೇರೆ ಮಾಡಿದೆ. ಕಣ್ಣಿಗೆ ಬೀಳದಂತೆ, ಆದಷ್ಟು ಕಿವಿಗೂ ಬೀಳದಂತೆ ಮನೆಯ ಇನ್ನೊಂದು ಬದಿಗೆ ಸಾಗಿಸಿದೆ. ಆರು ವಾರ. ಆಗ ನೆಲದ ತುಂಬ ಗರಿ ಬಿದ್ದಿತ್ತು. ಗರಿ ಬದಲಾಯಿಸುವ ಕಾಲದಲ್ಲಿ ತಿಂದದ್ದರಲ್ಲಿ ಒಂದು ಪಾಲು ಹೊಸ ಗರಿಗೇ ಹೋಗುತ್ತದೆ, ಮೊಟ್ಟೆ ನಿಲ್ಲುವುದು ಸಹಜ. ಅದನ್ನು ರೋಗವೆಂದುಕೊಂಡು ಔಷಧಿ ಹುಯ್ಯುವುದು ತಪ್ಪು.

ಬೆಳಕಿನ ಮಾತು ಬಂದೇ ಬರುತ್ತದೆ. ಚಳಿಗಾಲದಲ್ಲಿ ಬಲ್ಬು ಹಾಕಿ ಹಗಲನ್ನು 14-16 ಗಂಟೆಗೆ ಎಳೆಯಬೇಕು ಎನ್ನುವ ಸಲಹೆ ಯುರೋಪಿನ ಕಡೆಯದು. ಅಲ್ಲಿ ಉತ್ತರದ ದೇಶಗಳಲ್ಲಿ ಡಿಸೆಂಬರಿನ ಹಗಲು ಸುಮಾರು ಎಂಟೇ ಗಂಟೆಯಲ್ಲಿ ಮುಗಿದುಹೋಗುತ್ತದೆ. ಕಡೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ 20 ನಿಮಿಷ ಇರುತ್ತದೆ, ಅತಿ ದೊಡ್ಡದು 13 ಗಂಟೆಗೆ ತುಸು ಕಡಿಮೆ. ನಮ್ಮ ತೋಟದ ಹಳೇ ಬಾವಿಗಳ ಕಲ್ಲಿನ ಸಂದಿಯಲ್ಲಿ ಗೂಡು ಕಟ್ಟುವ ಪಾರಿವಾಳಗಳು ಯಾವ ಬಲ್ಬೂ ಇಲ್ಲದೆ ಮರಿ ಮಾಡುತ್ತವೆ. ಆದರೆ ಹೆಂಚಿನ ಮಾಡಿನ ಕೆಳಗೆ, ತಗಡು ಮುಚ್ಚಿದ ಪೆಟ್ಟಿಗೆಯಲ್ಲಿ ಹಗಲೂ ಕತ್ತಲೆಯಿದ್ದರೆ ಆ ಮಾತು ಬೇರೆ. ನಾನು ಪೂರ್ವದ ಕಡೆಯ ತಗಡು ಕಿತ್ತು ಜಾಲರಿ ಹೊಡೆದೆ, ಅಷ್ಟೇ.

ನನ್ನನ್ನು ತುಂಬ ಕಾಡಿದ್ದು ಇನ್ನೊಂದು ಸಂಗತಿ. 1939ರಲ್ಲಿ ಇಂಗ್ಲೆಂಡಿನ ಹ್ಯಾರಿಸನ್ ಮ್ಯಾಥ್ಯೂಸ್ ಎಂಬ ಪ್ರಾಣಿವಿಜ್ಞಾನಿ ಒಂಟಿಯಾಗಿಟ್ಟ ಹೆಣ್ಣು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟಿಸಿದರು. ಪೂರ್ತಿ ಒಂಟಿಯಾಗಿದ್ದ ಹೆಣ್ಣು ಮೊಟ್ಟೆ ಇಡಲಿಲ್ಲ. ಗಾಜಿನಾಚೆ ಇನ್ನೊಂದು ಪಾರಿವಾಳ ಕಂಡರೆ ಇಟ್ಟಿತು. ಪಂಜರದಲ್ಲಿ ಬರೀ ಕನ್ನಡಿ ಇಟ್ಟು ತನ್ನದೇ ಬಿಂಬ ಕಾಣಿಸಿದಾಗಲೂ, ತಡವಾಗಿಯಾದರೂ, ಇಟ್ಟಿತು. ಮುಂದೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಲೆಹ್ರ್‌ಮನ್ ಮತ್ತು ಜೊತೆಗಾರರು ಬೆಳವದ ಜಾತಿಯ ಹಕ್ಕಿಗಳಲ್ಲಿ ಗಂಡಿನ ಓಲೈಕೆಯೇ ಹೆಣ್ಣಿನ ಅಂಡಾಶಯವನ್ನು ಎಬ್ಬಿಸುತ್ತದೆಂದು ತೋರಿಸಿದರು. ಅಲ್ಲಿಯೇ ಮೇ-ಫಾಂಗ್ ಚೆಂಗ್ ಅದಕ್ಕೂ ಸೂಕ್ಷ್ಮವಾದದ್ದನ್ನು ಕಂಡರು. ಓಲೈಕೆಗೆ ಉತ್ತರವಾಗಿ ಗೂಡಿನಲ್ಲಿ ಕೂತು ಹೆಣ್ಣು ತಾನೇ ಹಾಕುವ ಗುಟುರು ಅದರ ಕಿವಿಗೆ ಬಿದ್ದು ಅದರ ಮೈಯನ್ನು ಮೊಟ್ಟೆಗೆ ಅಣಿಗೊಳಿಸುತ್ತದೆ. ತನ್ನ ದನಿ ತಾನೇ ಕೇಳಿಸಿಕೊಂಡು ತಾಯಿಯಾಗುವ ಹಕ್ಕಿ! ಇದನ್ನು ಓದಿದ ಮೇಲೆ ಇಪ್ಪತ್ತು ಪಾರಿವಾಳ ಕಿತ್ತಾಡುವ ಗೂಡಿನಲ್ಲಿ, ನಿಮಿಷಕ್ಕೊಮ್ಮೆ ಬೇರೆ ಗಂಡು ನುಗ್ಗಿ ಕುಕ್ಕುವ ಜಾಗದಲ್ಲಿ ಮೊಟ್ಟೆ ನಿರೀಕ್ಷಿಸುವುದೇ ಅನ್ಯಾಯ ಅನ್ನಿಸಿತು. ಜೋಡಿಗೆ ತಮ್ಮದೇ ಮೂಲೆ, ತಮ್ಮದೇ ಬಟ್ಟಲು ಬೇಕು. ಮಣ್ಣಿನ ಅಗಲ ಬಟ್ಟಲಿಗೆ ಅಡಿಕೆ ಹಾಳೆ ಕತ್ತರಿಸಿ ಹಾಸಿದೆ, ತೆಂಗಿನ ನಾರು ಮತ್ತು ಬೇವಿನ ಕಡ್ಡಿಯನ್ನು ನೆಲದಲ್ಲಿ ಚೆಲ್ಲಿದೆ. ಗೂಡನ್ನು ನಾವು ಕಟ್ಟಿಕೊಡಬಾರದು. ಗಂಡು ಒಂದೊಂದೇ ಕಡ್ಡಿ ತಂದು ಹೆಣ್ಣಿಗೆ ಒಪ್ಪಿಸುವುದೂ ಆ ಓಲೈಕೆಯ ಭಾಗವೇ.

ಮೇವಿನ ವಿಷಯದಲ್ಲಿ ನಮ್ಮ ಮೂರು ತಾಲ್ಲೂಕಿಗೆ ಕೊರತೆಯಿಲ್ಲ. ಬರೀ ಮೆಕ್ಕೆಜೋಳ ತಿಂದ ಹಕ್ಕಿಗೆ ಕೊಬ್ಬು ಬರುತ್ತದೆ, ಕೊಬ್ಬಿದ ಹೆಣ್ಣು ಮೊಟ್ಟೆ ಇಡಲು ತಿಣುಕುತ್ತದೆ. ಜೋಳ, ಸಜ್ಜೆ, ರಾಗಿಯ ಜೊತೆ ಹೆಸರುಕಾಳು, ಹುರುಳಿ, ಬಟಾಣಿ ಮೂರನೇ ಒಂದು ಪಾಲಾದರೂ ಇರಲಿ. ತರೀಕೆರೆಯಿಂದ ಲಕ್ಕವಳ್ಳಿ ಕಡೆಗೆ ಹೋದಂತೆ ಮಳೆ ಜಾಸ್ತಿ, ಕಾಳು ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷ ಈಲಿಯನ್ನು ಕೆಡಿಸುತ್ತದೆ, ಮೂಸಿ ನೋಡದೆ ಹಾಕಬೇಡಿ. ಕಪ್ಪೆಚಿಪ್ಪಿನ ಪುಡಿ, ಹುರಿದು ಕುಟ್ಟಿದ ಕೋಳಿಮೊಟ್ಟೆಯ ಸಿಪ್ಪೆ, ಸಣ್ಣ ಹರಳು ಬೇರೆ ಬಟ್ಟಲಲ್ಲಿ ಸದಾ ಇರಬೇಕು. ಸುಣ್ಣದಂಶ ಮೈಗೆ ಹತ್ತಬೇಕಾದರೆ ಬಿಸಿಲೂ ಬೇಕು.

ಇಷ್ಟಾದರೂ ಮೊಟ್ಟೆ ಬಾರದಿದ್ದರೆ ರೋಗ ಹುಡುಕಬೇಕು. ರಾತ್ರಿ ಟಾರ್ಚು ಹಿಡಿದು ಗೂಡಿನ ಸಂದಿ ನೋಡಿ, ಕೆಂಪು ನುಸಿ ಹಗಲಲ್ಲಿ ಅಡಗಿದ್ದು ಕತ್ತಲಲ್ಲಿ ರಕ್ತ ಹೀರುತ್ತದೆ. ಜಂತುಹುಳ, ಬಾಯಿಯಲ್ಲಿ ಹಳದಿ ಗಡ್ಡೆ ಕಟ್ಟುವ ಕ್ಯಾಂಕರ್, ಅಂಡಾಶಯಕ್ಕೇ ಹಬ್ಬುವ ಸಾಲ್ಮೊನೆಲ್ಲಾ ಇವುಗಳಿಗೆ ಹಿಕ್ಕೆಯ ಜೊತೆ ಗಂಟಲ ದ್ರವದ ಪರೀಕ್ಷೆಯನ್ನೂ ಮಾಡಿಸಿ, ವೈದ್ಯರು ಹೇಳಿದ ಔಷಧಿಯನ್ನೇ ಕೊಡಿ. ಕಾಲಿನ ಉಂಗುರದಲ್ಲಿ ಹುಟ್ಟಿದ ವರ್ಷವಿದ್ದರೆ ಅದನ್ನೂ ನೋಡಿ, ಏಳೆಂಟು ವರ್ಷ ದಾಟಿದ ಹೆಣ್ಣು ನಿಧಾನವಾಗುವುದು ವಯಸ್ಸಿನ ಧರ್ಮ.

ಒಂದನ್ನು ಮಾತ್ರ ನಾಳೆಗೆ ಬಿಡಬೇಡಿ. ಹೆಣ್ಣು ಗರಿ ಕೆದರಿ, ನೆಲಕ್ಕೆ ಕುಸಿದು, ಬಾಲ ಮೇಲೆ ಕೆಳಗೆ ಆಡಿಸುತ್ತ ಮುಕ್ಕರಿಯುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಹೊಟ್ಟೆ ಒತ್ತಿ ಹೊರತೆಗೆಯಲು ಹೋಗಬಾರದು, ಒಳಗೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ಎರಡು ವರ್ಷದ ಹಿಂದೆ ನಾನು ಬೆಳಗಾಗಲಿ ಎಂದು ಕಾದು ಒಂದು ಬಿಳಿ ಹೆಣ್ಣನ್ನು ಕಳೆದುಕೊಂಡಿದ್ದೇನೆ.

ಸಂಕ್ರಾಂತಿ ಆದ ಮೇಲೆ ಗಂಡನ್ನು ಪಕ್ಕದ ಗೂಡಿಗೆ ತಂದು ನಡುವೆ ಜಾಲರಿ ಇಟ್ಟೆ. ನಾಲ್ಕನೇ ದಿನ ಹೆಣ್ಣೇ ಜಾಲರಿಯ ಹತ್ತಿರ ಹೋಗಿ ಕೂತಿತು. ಬಾಗಿಲು ತೆಗೆದ ಹನ್ನೊಂದನೇ ದಿನ ಸಂಜೆ ಹಾಳೆಯ ಮೇಲೆ ಒಂದು ಮೊಟ್ಟೆ ಇತ್ತು, ಚಿಪ್ಪು ಗಟ್ಟಿಯಿತ್ತು. ನೋಟುಬುಕ್ಕಿನ ಹೊಸ ಹಾಳೆಯಲ್ಲಿ ದಿನಾಂಕ ಬರೆದು, ಅದರ ಮೇಲೆ ‘ಈ ವರ್ಷ ನಾಲ್ಕೇ ಸಲ ಮರಿ’ ಎಂದು ಬರೆದಿಟ್ಟಿದ್ದೇನೆ. ಐದನೆಯ ಸಲಕ್ಕೆಂದು ಬಡಗಿಯಿಂದ ಎರಡು ಮರದ ಮೊಟ್ಟೆ ಮಾಡಿಸಿಕೊಂಡಿದ್ದಾಗಿದೆ. ನಿಜದ ಮೊಟ್ಟೆ ತೆಗೆದು ಅವನ್ನಿಟ್ಟರೆ ಕಾವು ಕೂತಷ್ಟು ದಿನ ಅದರ ಮೈಗೆ ವಿರಾಮ.